ತಂಪಿನ ಜಾಗ

"ಪಡಸಾಲಿ ಆಗಂಗಿಲ್ಲರಿ, ಕಾಕಿ. ಒಳಗೇ ಇಡಬೇಕು," ಎಂದಳು ಜಿಜಾಬಾಯಿ. ಎದೆಗವಚಿಕೊಂಡಿದ್ದ ಲ್ಯಾಪ್‌ಟಾಪಿನ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಉಣ್ಣೆ ಬಿಡಿಸುತ್ತ ಕೂತಿದ್ದ ಪುತಳಾಬಾಯಿಯ ಕೈ ಅಲ್ಲೇ ನಿಂತಿತು. ಡಾಬಕಾ ಊರಿನಲ್ಲಿ ದಲಿತ ಬೌದ್ಧರ ಓಣಿ ಮುಗಿದು ಕುರುಬರ ಓಣಿ ಶುರುವಾಗುವಲ್ಲಿ ಆಕೆಯ ಮನೆ. ಆಚೆ ಓಣಿಯ ಗೋರಖನಾಥನ ಮಗಳು ಈ ಜಿಜಾಬಾಯಿ ಹುಟ್ಟಿದಾಗಿನಿಂದ ಇದೇ ಪಡಸಾಲೆಯಲ್ಲಿ ಆಡಿದವಳು, ಕೂತು ಹರಟಿದವಳು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯೊಡ್ಡಿ ಕುಡಿದವಳು. ಅಲ್ಲಿಂದ ಒಳಗೆ ಮಾತ್ರ ಒಂದು ಹೆಜ್ಜೆ ಇಟ್ಟವಳಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

ಎರಡನೇ ವರ್ಷವೂ ಮಳೆ ಕೈಕೊಟ್ಟು, ಗೋರಖನಾಥನ ಮನೆಯವರೆಲ್ಲ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಜಿಜಾಬಾಯಿಯೂ ಹೋಗಲೇಬೇಕಿತ್ತು. ಮಾಸ್ತರಿಕೆಯ ಪರೀಕ್ಷೆಗೆ ಕೂಡಿಟ್ಟ ಪಾಠಗಳೆಲ್ಲ ಲ್ಯಾಪ್‌ಟಾಪಿನಲ್ಲಿದ್ದವು. ಆದರೆ ಸಿಮೆಂಟಿನ ಧೂಳಿನಲ್ಲಿ, ಬೀಗವಿಲ್ಲದ ಶೆಡ್ಡಿನಲ್ಲಿ ಅದನ್ನು ಕಾಯುವವರು ಯಾರು? ಮನೆಯಲ್ಲೇ ಬಿಡೋಣವೆಂದರೆ ನೆತ್ತಿಯ ಮೇಲೆ ತಗಡಿನ ಪತ್ರಾ. ಹೋದ ಬೇಸಿಗೆಯಲ್ಲಿ ಅದರ ಕಾವಿಗೇ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೀಬೋರ್ಡನ್ನೇ ಮೇಲೆತ್ತಿತ್ತು. ಔರಾದದ ರಿಪೇರಿ ಅಂಗಡಿಯ ಅಬ್ದುಲ ವಾಹೀದ ಬೇರೆಯದು ಹಾಕಿಕೊಟ್ಟು, ಕಿವಿ ಹಿಂಡುವ ಹಾಗೆ ಹೇಳಿದ್ದ: "ಈ ಮಾಡೆಲ್ಲಿಂದು ಇದೇ ಕೊನೇದು, ಬೇಟಿ. ಮತ್ತ ಸಿಗಂಗಿಲ್ಲ. ಭಾಳ ದಿನ ಇಡೋದಿತ್ತಂದ್ರ ಪೂರಾ ತುಂಬಿಸಬ್ಯಾಡ, ಖಾಲಿನೂ ಮಾಡಬ್ಯಾಡ. ಅರ್ಧಾ ತುಂಬಿಸಿ, ಬಂದ್ ಮಾಡಿ, ಠಂಡಾ ಜಾಗಾದಾಗ ಇಡು." ಊರಿನ ಕರೆಂಟೋ, ಬಂದರೆ ಬಂತು, ಹೋದರೆ ಹೋಯಿತು. ಬ್ಯಾಟರಿ ಸತ್ತರೆ ಓದೂ ಸತ್ತಂತೆಯೇ.

"ಇಲ್ಲೇ ಗೂಟಕ್ಕ ಹಾಕ್ತೇನಿ ತಗೋ," ಎಂದಳು ಪುತಳಾಬಾಯಿ. "ಮ್ಯಾಲ ಕಂಬಳಿ ಹೊದಿಸ್ತೇನಿ. ಯಾವ ಕಳ್ಳ ಬರ್ತಾನ ನೋಡೇ ಬಿಡ್ತೇನಿ."

"ಕಂಬಳಿ ಹೊದಿಸಿದ್ರ ಇನ್ನೂ ಕಾಯ್ತದರಿ. ಮಧ್ಯಾಹ್ನ ಬಿಸಿಲು ಸೀದಾ ಇಲ್ಲಿಗೇ ಬೀಳ್ತದ."

"ಹಂಗಾದ್ರ ಎಲ್ಲಿ ಇಡ್ಲಿ ನಮ್ಮವ್ವಾ?"

"ನೀರಿನ ಕೋಣ್ಯಾಗ."

ನೀರಿನ ಕೋಣೆ ಎಂದರೆ ದೇವರ ಕೋಣೆಯೂ ಅದೇ. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ. ಓಣಿಯೆಲ್ಲ ಕಾದ ಹಂಚಾದಾಗಲೂ ಅಲ್ಲಿಂದ ತಂಪು ಗಾಳಿ ಪಡಸಾಲೆಯ ತನಕ ಬರುತ್ತಿತ್ತು. ಪುತಳಾಬಾಯಿ ಒಮ್ಮೆ ಒಳಗೆ ನೋಡಿದಳು, ಒಮ್ಮೆ ಓಣಿಯತ್ತ ನೋಡಿದಳು. ಗಂಡ ಬಕ್ಕಪ್ಪ ಮೇವು ಹುಡುಕಿ ಕುರಿ ಹೊಡೆದುಕೊಂಡು ತೆಲಂಗಾಣದ ಕಡೆ ಹೋಗಿದ್ದ. ಇದ್ದಿದ್ದರೆ ಅವನನ್ನು ಕೇಳಿ ಹೇಳುತ್ತೇನೆ ಎಂದು ಜಾರಿಕೊಳ್ಳಬಹುದಿತ್ತು. ಪಾಪ, ಅದೂ ಇಲ್ಲ.

"ಅದರಾಗ ಚರ್ಮಾ ಗಿರ್ಮಾ ಏನೂ ಇಲ್ಲಲ್ಲಾ?"

"ಬರೇ ಪ್ಲಾಸ್ಟಿಕ್ಕರಿ. ಹ್ವಾದ ವರ್ಷ ನಿಮ್ಮ ಕುರಿ ಸತ್ತಾಗ ಪರಿಹಾರದ ಅರ್ಜಿ ಇದರಾಗೇ ಹಾಕಿದ್ವಿ. ಮರ್ತ್ರೇನು?"

"ಮರೆಯೋದು ಹ್ಯಾಂಗ ತಂಗಿ," ಎಂದ ಪುತಳಾಬಾಯಿಗೆ ನಾಚಿಕೆಯಾಯಿತು. ಮಡಿಲ ಉಣ್ಣೆ ಕೊಡವಿ ಎದ್ದು ಎರಡೂ ಕೈ ಚಾಚಿದಳು. "ತಾ ಇಲ್ಲಿ. ಒಳಗೇ ಇಡ್ತೇನಿ. ನೀ ನಿಶ್ಚಿಂತಿ ಹೋಗು."

ಜಿಜಾಬಾಯಿ ಕೊಡಲಿಲ್ಲ.

"ಕೊಡದ ಸನೇಕ ಇಟ್ರ ತೇವ ಹಿಡೀತದ. ಒಲಿ ಸನೇಕ ಇಟ್ರ ಕಾವು ಬಡೀತದ. ನಾನೇ ನೋಡಿ ಇಡ್ತೇನ್ರಿ."

ಅದು ಸುಳ್ಳಲ್ಲ. ಆದರೆ ಬರೀ ಅದೇ ಕಾರಣವೂ ಅಲ್ಲ. ತನ್ನ ಚೀಲ ಒಳಗೆ ಹೋಗಿ ತಂಪಾಗಿ ಕೂರುವುದು, ತಾನು ಹೊರಗೆ ನಿಂತು ಕೈ ಮುಗಿಯುವುದು, ಇದು ಇಂದು ಅವಳಿಂದ ಆಗುವಂತಿರಲಿಲ್ಲ. ಬೆಳಿಗ್ಗೆ ಗಂಟುಮೂಟೆ ಕಟ್ಟುವಾಗಲೇ ಹಾಗೆಂದು ಗಟ್ಟಿಮಾಡಿಕೊಂಡು ಬಂದಿದ್ದಳು.

ರಸ್ತೆಯ ಕಡೆಯಿಂದ ಹಾರ್ನ್ ಕೇಳಿಸಿತು. "ಏ ಜಿಜಾ! ಬಸ್ ಬಂತ ನೋಡು! ಲಗೂ ಬಾ!" ಎಂದು ಗೋರಖನಾಥ ಕೂಗಿದ.

ಜಿಜಾಬಾಯಿ ಅಲ್ಲಾಡಲಿಲ್ಲ. ಪುತಳಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಸರಿಯಾಗಿದ್ದುದನ್ನೇ ಮತ್ತೊಮ್ಮೆ ಸರಿಮಾಡಿಕೊಂಡಳು. ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಆಮೇಲೆ ನೋಡುವುದನ್ನೇ ಬಿಟ್ಟಳು.

"ಬಾ," ಎಂದಳು. "ಚಪ್ಪಲಿ ಅಲ್ಲೇ ಬಿಡು. ನಮ್ಮೂ ಅಲ್ಲೇ ಇರ್ತಾವ."

ಜಿಜಾಬಾಯಿ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು. ಬಿಸಿಲಿನಿಂದ ಬಂದ ಕಣ್ಣಿಗೆ ನಡುಮನೆ ಬರೀ ಕತ್ತಲೆ. ಎದುರಿನ ಒಳಬಾಗಿಲಿನಿಂದ ತಂಪು ಮುಖಕ್ಕೆ ಬಡಿಯಿತು. ಚೀಲವನ್ನು ಅವಚಿಕೊಂಡು, ಕತ್ತು ನೆಟ್ಟಗೆ ಮಾಡಿಕೊಂಡು ಅತ್ತಲೇ ನಡೆದಳು. ಧಡ್ ಎಂದು ಹಣೆ ಚೌಕಟ್ಟಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು.

"ಅಯ್ಯಯ್ಯ!" ಎಂದು ಪುತಳಾಬಾಯಿ ಓಡಿ ಬಂದು ಅವಳ ಹಣೆ ಉಜ್ಜತೊಡಗಿದಳು. "ನಮ್ಮ ಒಳಬಾಗಿಲಾ ಗಿಡ್ಡ ಅದಲ್ಲಾ! ಊರಾಗ ಕೂಸು ಕುನ್ನಿಗೂ ಗೊತ್ತದ, ನಿನಗ ಇಷ್ಟೂ..."

ಉಜ್ಜುತ್ತಿದ್ದ ಕೈ ನಿಂತಿತು.

ಜಿಜಾಬಾಯಿ ಬಗ್ಗಿ ಒಳಗೆ ಹೋದಳು. ಕೊಡಗಳಿಂದ ದೂರವಿದ್ದ, ದೇವರ ಪಕ್ಕದ ಗೋಡೆಯ ಗೂಡನ್ನು ಕೈಯಿಂದ ಸವರಿ ನೋಡಿದಳು. ಒಣಗಿತ್ತು, ತಣ್ಣಗಿತ್ತು. ಚೀಲವನ್ನು ಅಲ್ಲಿ ಒತ್ತರಿಸಿಟ್ಟು ಹಣೆ ಮುಟ್ಟಿಕೊಂಡಳು. ಅಷ್ಟರಲ್ಲೇ ಬುಗುಟೆ ಎದ್ದಿತ್ತು.

"ಈಗ ಗೊತ್ತಾತ್ರಿ, ಕಾಕಿ," ಎಂದಳು. "ಮುಂದಿನ ಸಲ ಬಡಿಯಂಗಿಲ್ಲ."