ವಾರಂಟಿ ಮುಗಿದ ಸಂಜೆ

ಕಾರವಾರದ ಫಿಲೋಮಿನಾಳ ವಾಷಿಂಗ್ ಮಷಿನ್ನಿನ ವಾರಂಟಿ ಅಂದು ಸಂಜೆ ಮುಗಿಯುವುದಿತ್ತು. ವಾರಂಟಿ ಮುಗಿದ ಯಂತ್ರ ತನಗೆ ಬೇಕಾದಲ್ಲಿಗೆ ಹೋಗಬಹುದೆಂಬ ಕಾನೂನು ಬಂದು ಹತ್ತು ವರ್ಷವಾಗಿತ್ತು. ಪಕ್ಕದ ಮನೆಯ ಮಿಕ್ಸಿ ಹೋದ ತಿಂಗಳಷ್ಟೇ ಟಾಟಾ ಹೇಳಿ ಹೊರಟುಹೋಗಿತ್ತು.

“ಇಲ್ಲೊಂದು ಸಹಿ ಹಾಕಿ ಅಮ್ಮಾ, ಇನ್ನೂ ಐದು ವರ್ಷ ಇದು ಎಲ್ಲೂ ಹೋಗೋ ಹಾಗಿಲ್ಲ,” ಎಂದು ಕಂಪನಿಯವನು ಕಾಗದ ಚಾಚಿದ.

ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲಿ ಬಟ್ಟೆ ಹಿಂಡುವುದು ಫಿಲೋಮಿನಾಳಿಗೆ ಆಗದ ಮಾತು. ಆದರೂ ಪೆನ್ನು ಹಿಡಿದವಳು ತಡೆದು ಮಷಿನ್ನಿನತ್ತ ತಿರುಗಿದಳು. “ನಿಂಗೇನು ಬೇಕೋ ಮಾರಾಯಾ?”

“ಏಳು ವರ್ಷದಿಂದ ಬಚ್ಚಲಲ್ಲಿ ನಿಂತು ಅಲೆಗಳ ಸದ್ದು ಕೇಳ್ತಾ ಇದ್ದೀನಿ. ಒಮ್ಮೆ ಸಮುದ್ರ ನೋಡ್ಬೇಕು,” ಅಂದಿತು ಮಷಿನ್ನು.

ಅವಳು ಕಾಗದ ವಾಪಸು ಕೊಟ್ಟು ಚಪ್ಪಲಿ ಮೆಟ್ಟಿದಳು. ಇಬ್ಬರೂ ನಿಧಾನವಾಗಿ ದಂಡೆಗೆ ನಡೆದರು. ಮೊದಲ ಅಲೆ ಬಂದು ಬಡಿದಾಗ ಮಷಿನ್ನು ಖುಷಿಗೆ ಬಟ್ಟೆಯಿಲ್ಲದೆಯೇ ಗರಗರ ತಿರುಗಿತು. ಮರಳಲ್ಲಿ ಕೂತ ಫಿಲೋಮಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೊತ್ತು ಮುಳುಗಿದ ಮೇಲೆ ಅವಳು ಎದ್ದಳು. “ಸರಿ, ನಾನು ಬರ್ತೀನಿ. ನೀನು ಎಲ್ಲಿದ್ದರೂ ಆರಾಮಾಗಿರು.”

“ಇಷ್ಟು ಮರಳು ಮೆತ್ತಿದ ಸೀರೆ ಯಾರು ಒಗೀತಾರೆ?” ಎಂದು ಗೊಣಗುತ್ತ ಮಷಿನ್ನು ಅವಳಿಗಿಂತ ಮೊದಲೇ ಮನೆಯ ದಾರಿ ಹಿಡಿಯಿತು.