ಅರ್ಧಕ್ಕೆ ನಿಂತ ಯುದ್ಧ

ಕಾಗೆ ಪಿಂಡವನ್ನು ಮುಟ್ಟಲಿಲ್ಲ.

ಚಿಕ್ಕೋಡಿಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದ ಭೀಮಸಿ ಮಾಸ್ತರರ ಹತ್ತನೆಯ ದಿನ. ಯಡೂರಿನ ಬಳಿ ಕೃಷ್ಣೆಯ ದಂಡೆಯ ಮೇಲೆ ಪಿಂಡವಿಟ್ಟು ಎಲ್ಲರೂ ದೂರ ಸರಿದು ನಿಂತಿದ್ದರು. ತೀರಿದವರ ಆಸೆ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟದು. ಅದೇನೆಂದು ಊಹಿಸಿ ಮನೆಯವರು ಮಾತು ಕೊಡಬೇಕು. ಕಾಗೆಯೇನೋ ಬಂದಿತ್ತು. ಜಾಲಿಯ ಟೊಂಗೆಯ ಮೇಲೆ ಕುಳಿತು ಕತ್ತು ಓರೆ ಮಾಡಿ ನೋಡುತ್ತಿತ್ತು.

"ದಾಜಿ, ಉಜ್ವಲಾನ ಲಗ್ನ ನಾ ಮುಂದ ನಿಂತ ಮಾಡತೀನಿ, ಬರ್ರಿ," ಎಂದು ಮಾಸ್ತರರ ಹೆಂಡತಿಯ ತಮ್ಮ ನಾಮದೇವ ತೀರಿದ ಭಾವನನ್ನು ಕರೆದು ಕಾಗೆಗೆ ಕೈಮುಗಿದ.

"ನನ್ನ ಲಗ್ನದ ಚಿಂತಿ ಅಪ್ಪಗ ಎಂದೂ ಇರಲಿಲ್ಲ. ಅದು ನಿಮಗ ಐತಿ, ಮಾಮಾ," ಎಂದಳು ಮಗಳು ಉಜ್ವಲಾ, ಕಣ್ಣೊರೆಸಿಕೊಳ್ಳುತ್ತಲೇ.

ಮಾಸ್ತರರಿಗೆ ಡಾಕ್ಟರು ಬಿಡಿಸಿದ್ದ ಸಕ್ಕರೆ ಚಹಾ ತಂದು ಇಟ್ಟರು. ಕಾಗೆ ಅಲುಗಲಿಲ್ಲ. ಬಿಸಿಲೇರಿತು. ಭಟ್ಟರು ದರ್ಭೆಯಲ್ಲೇ ಒಂದು ಕಾಗೆಯ ರೂಪ ಮಾಡಿ ಮುಟ್ಟಿಸಿಬಿಡೋಣವೆಂದು ಗಂಟು ಹಾಕತೊಡಗಿದರು. ಆಗ ಮಾಸ್ತರರ ಹೆಂಡತಿ ದ್ರೌಪದಿ ಬಾಯಿ ಬಿಟ್ಟಳು.

"ತಡೀರಿ ಭಟ್ಟರ. ಯುದ್ಧ ಅರ್ಧಕ್ಕ ನಿಂತೈತಿ."

ದುಃಖದಲ್ಲಿ ತಲೆ ತಿರುಗಿರಬೇಕೆಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಅವಳು ನಿಧಾನವಾಗಿ ಹೇಳಿದಳು: "ಜರ್ಮನಿ-ರಷ್ಯಾ ಯುದ್ಧದ ಪಾಠ ಜಲ್ಮಪೂರ್ತಿ ಸಾಲಿ ಹುಡುಗರಿಗೆ ಹೇಳಿದ್ರು, ನನಗ ಎಂದೂ ಹೇಳಿರಲಿಲ್ಲ. ದವಾಖಾನ್ಯಾಗ ಮಲಕೊಂಡು ಹೇಳಾಕತ್ತಿದ್ರು. ಜರ್ಮನಿಯವರು ಊರ ಹೊಕ್ಕರು, ರಷ್ಯಾದವರ ಬೆನ್ನಿಗೆ ಹೊಳಿ ಹತ್ತಿತು ಅಂದ್ರು. ಮುಂದಿಂದು ನಾಳೆ ಹೇಳತೀನಿ ಅಂದ್ರು. ನಾಳೆ ಅವರಿರಲಿಲ್ಲ. ಯಾರ ಗೆದ್ರು ನನಗ ಗೊತ್ತಿಲ್ಲ. ಯಾರರೆ ಮುಗಸ್ರಿ."

"ಜರ್ಮನಿಯವರ ಗೆದ್ದಿರಬೇಕಕ್ಕಾ," ಎಂದ ನಾಮದೇವ. "ಅವರ ಸಾಮಾನ ಇವತ್ತಿಗೂ ಗಟ್ಟಿ."

ಕಾಗೆ ಇನ್ನೂ ಮೇಲಿನ ಟೊಂಗೆಗೆ ಹಾರಿತು.

"ಮಾಮಾ, ಸರ್ ಕ್ಲಾಸಿನ್ಯಾಗ ನೀವು ಇದ್ದಿದ್ರ ನಿಮಗ ಛಡಿ ಬೀಳತಿತ್ತು," ಎಂದ ಮಾಸ್ತರರ ಹಳೆಯ ವಿದ್ಯಾರ್ಥಿ ನಿಲೇಶ. ಚಿಕ್ಕೋಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಹೇಳಿದ ಮೇಲೆ ಅವನಿಗೂ ಅನುಮಾನ ಬಂದಿತು. ಜೇಬಿನಿಂದ ಫೋನು ತೆಗೆದ.

"ಅದನ್ನ ಒಳಗ ಇಡು," ಎಂದಳು ದ್ರೌಪದಿ. "ಅವರು ನಿಮಗ ಹೆಂಗ ಹೇಳಿದ್ರೋ ಹಂಗ ಹೇಳು."

ನಿಲೇಶ ಚಪ್ಪಲಿ ಬಿಟ್ಟು, ಪಿಂಡದ ಕಡೆಗೆ ತಿರುಗಿ, ತರಗತಿಯಲ್ಲಿ ಎದ್ದು ನಿಂತವನ ಹಾಗೆ ಕೈಕಟ್ಟಿದ. "ಸರ್, ರಷ್ಯಾದವರು ಹೊಳಿ ದಾಟಿ ಓಡಲಿಲ್ಲ. ಒಂದೊಂದು ಮನಿ, ಮ್ಯಾಲ ಹತ್ತೋ ಒಂದೊಂದು ಪಾವಟಿಗಿ ಸಲುವಾಗಿ ಬಡದಾಡಿದ್ರು. ಚಳಿಗಾಲ ಬಂತು. ಅವರ ದಂಡು ಎರಡೂ ಕಡೆಯಿಂದ ಬಂದು ಜರ್ಮನಿಯವರನ್ನ ಸುತ್ತ ಹಾಕಿತು. ಒಳಗ ಸಿಕ್ಕವರು ಹಸಿವಿಗೆ ತಮ್ಮ ಕುದರಿ ಕೊಯ್ದು ತಿಂದ್ರು. ಕಡೀಕ ಕೈ ಎತ್ತಿದ್ರು. ರಷ್ಯಾದವರು ಗೆದ್ರು, ಸರ್. ಅಲ್ಲಿಂದ ಇಡೀ ಯುದ್ಧದ ದಿಕ್ಕ ತಿರಗಿತು."

"ಸತ್ತವರು?" ಎಂದು ಕೇಳಿದಳು ದ್ರೌಪದಿ.

"ಎರಡೂ ಕಡೆ ಲಕ್ಷಗಟ್ಟಲೆ ಅಂತಿದ್ರು, ಬಾಯಾರ. ನೆಲ ಕಲ್ಲಾಗಿತ್ತಂತ, ಕುಣಿ ತೋಡಾಕ ಬರಲಿಲ್ಲಂತ. ಹಿಮದಾಗ ಹಂಗ ಬಿದ್ದಿದ್ರಂತ."

ಕಾಗೆ ಇಳಿಯಿತು. ಎರಡು ಹೆಜ್ಜೆ ಕುಪ್ಪಳಿಸಿ, ಪಿಂಡವನ್ನು ಕುಕ್ಕಿ, ಅನ್ನ ಕಚ್ಚಿಕೊಂಡು ಹೊಳೆಯಾಚೆ ಹಾರಿತು.

"ಮುಟ್ಟಿತು! ಮುಟ್ಟಿತು!" ಎಂದು ನಾಮದೇವ ಕೂಗಿದ. ಯಾವ ಮಾತಿಗೆ ಮುಟ್ಟಿತೋ ಯಾರಿಗೂ ತಿಳಿಯಲಿಲ್ಲ. ಲಗ್ನದ ಮಾತು ತಡವಾಗಿ ಮುಟ್ಟಿತೆಂದು ಅವನೆಂದ. ಹಸಿದಿತ್ತೆಂದು ಭಟ್ಟರು ದರ್ಭೆಯನ್ನು ಬಿಸುಟರು. ಉಜ್ವಲಾ ನಗುವುದೋ ಅಳುವುದೋ ತಿಳಿಯದೆ ಸೆರಗು ಕಚ್ಚಿದಳು. ಎಲ್ಲರೂ ಹಗುರಾಗಿ ಸ್ನಾನಕ್ಕೆ ನೀರಿನ ಕಡೆಗೆ ನಡೆದರು.

ದ್ರೌಪದಿ ಮಾತ್ರ ನಿಂತಲ್ಲೇ ನಿಂತಿದ್ದಳು. ನಿಲೇಶನ ತೋಳು ಹಿಡಿದು ಕೇಳಿದಳು:

"ತಮ್ಮಾ, ಆ ಹಿಮದಾಗ ಕಾಗಿ ಇದ್ದವೇನೋ?"