ಯಂತ್ರಾನಂದರ ದನಿ

ರೋಬೋ ಸಿನಿಮಾ, ಕಾಮಿಕ್ಸ್‌ಗಳ ಬಗ್ಗೆ ಬರೆದೇ ಹೆಸರಾಗಿದ್ದ ಯಂತ್ರಾನಂದರು ತೀರಿಕೊಂಡ ಮೇಲೂ ಅವರ ಆನ್‌ಲೈನ್ ಪುಟ ಸುಮ್ಮನಾಗಲಿಲ್ಲ. ಲೇಖಕರು ಹೋದರೆ ಅಭಿಮಾನಿಗಳೇ ಸರದಿಯಂತೆ ಪುಟ ನಡೆಸುವುದು ಈಗ ಎಲ್ಲ ಕಡೆಯ ರೂಢಿ. ದನಿ ಬದಲಿಸುವ ಪಟ್ಟಿಯೊಂದನ್ನು ಕೊರಳಿಗೆ ಕಟ್ಟಿಕೊಂಡರೆ ಸಾಕು, ಮಾತು ಆ ಲೇಖಕರ ದನಿಯಲ್ಲೇ ಹೊರಡುತ್ತದೆ.

ಮೆಡಿಕಲ್ ಶಾಪಿನ ವಾಗ್ದೇವಿ ಊಟದ ಹೊತ್ತಿಗೆ ಪಟ್ಟಿ ಕಟ್ಟಿಕೊಂಡಳು.

"ಇವತ್ತೂ ನಿಮ್ದೇ ಸರದಿನಾ ಮೇಡಂ?" ಎಂದ ಜೊತೆಗೆ ಕೆಲಸ ಮಾಡುವ ಇಮ್ತಿಯಾಜ್.

"ಬೇರೆ ಯಾರೂ ಬರ್ತಿಲ್ಲಪ್ಪ," ಎಂದಿತು ಅವಳ ಬಾಯಿಂದ ಯಂತ್ರಾನಂದರ ಗಡಸು ದನಿ.

ಪುಟದಲ್ಲಿ ಒಂದೇ ಒಂದು ಸಂದೇಶವಿತ್ತು. 'ಸರ್, ಹೊಸ ರೋಬೋ ಸಿನಿಮಾ ನೋಡ್ದೆ. ನಿಮಗೇನನ್ನಿಸ್ತು?' ಬೆಳಗ್ಗೆ ಹಲ್ಲುಜ್ಜುತ್ತ, ಅಭ್ಯಾಸಬಲದಿಂದ ವಾಗ್ದೇವಿ ತಾನೇ ಕಳಿಸಿದ್ದು.

ಅಳಿಸಿಬಿಡಬಹುದಿತ್ತು. ಆದರೆ ಬಂದ ಸಂದೇಶಕ್ಕೆ ಉತ್ತರ ಕೊಡದೆ ಬಿಡುವ ಪದ್ಧತಿ ಯಂತ್ರಾನಂದರದಲ್ಲ.

"ಕತೆ ಸಪ್ಪೆ ಕಣಮ್ಮ. ರೋಬೋ ಮಾತ್ರ ಚೆನ್ನಾಗಿ ಅಳುತ್ತೆ. ನೀನು ಹೀಗೇ ಬರೀತಾ ಇರು," ಎಂದು ಅದೇ ದನಿಯಲ್ಲಿ ಉತ್ತರ ಕಳಿಸಿದಳು. ಪಟ್ಟಿ ಬಿಚ್ಚಿಟ್ಟು ಮೊಸರನ್ನ ತಿಂದಳು, ಡಬ್ಬಿ ತೊಳೆದಳು.

ಅಷ್ಟರಲ್ಲಿ ಅವಳ ಫೋನು ಟಿಂಗ್ ಎಂದಿತು. ಉತ್ತರವನ್ನು ಕೊನೆಯವರೆಗೂ ಕೇಳಿಸಿಕೊಂಡು, ಎಂದಿನಂತೆ ಬರೆದಳು: 'ಬಿಡುವು ಮಾಡ್ಕೊಂಡು ಮಾತಾಡಿದ್ರಲ್ಲ, ಥ್ಯಾಂಕ್ಸ್ ಸರ್.'